ವಿಲೀನದಲ್ಲಿ ಕಳೆದುಹೋದ ನಾಲ್ಕು ವಿಳಾಸಗಳು: ಕಾನ್ಫಿಗ್ ಕಡತಗಳ ಒಂದು ಪ್ರಕರಣ ಅಧ್ಯಯನ

ಈ ಪ್ರಕರಣ ನಡೆದ ಸಂಸ್ಥೆ, ಅದರ ಗ್ರಾಹಕರು ಮತ್ತು ಅಲ್ಲಿ ದುಡಿದವರ ಗುರುತು ಸಿಗದಂತೆ ಹೆಸರುಗಳನ್ನು ಬಿಟ್ಟಿದ್ದೇನೆ, ವ್ಯವಹಾರದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಕಡತಗಳ ರಚನೆ, ತಪ್ಪು ಹುಟ್ಟಿದ ಬಗೆ ಮತ್ತು ಒಂದೊಂದು ಹಂತದಲ್ಲಿ ತೆಗೆದುಕೊಂಡ ನಿರ್ಧಾರಗಳನ್ನು ಮಾತ್ರ ಇದ್ದಂತೆಯೇ ಇಟ್ಟಿದ್ದೇನೆ. ಆ ತಂಡದಲ್ಲಿ ನಾನೂ ಒಬ್ಬನಾಗಿದ್ದೆ. ಕೆಳಗೆ ಹೇಳುವ ತಪ್ಪು ನಿರ್ಧಾರಗಳಲ್ಲಿ ಎರಡಕ್ಕೆ ನನ್ನ ಒಪ್ಪಿಗೆಯೂ ಇತ್ತು.

ಹಿನ್ನೆಲೆ

ಸರಕು ಸಾಗಣೆಗೆ ಲಾರಿ ಕಾದಿರಿಸುವ ಸೇವೆಯೊಂದನ್ನು ಆರು ಜನರ ತಂಡ ನೋಡಿಕೊಳ್ಳುತ್ತಿತ್ತು. ಸೇವೆಯಲ್ಲಿ ಐದು ಭಾಗಗಳಿದ್ದವು. ಮೂರನ್ನು ಗೋ ಭಾಷೆಯಲ್ಲಿ, ಎರಡನ್ನು ಪೈಥಾನ್‌ನಲ್ಲಿ ಬರೆಯಲಾಗಿತ್ತು. ಡೆವಲಪ್‌ಮೆಂಟ್, ಟೆಸ್ಟ್, ಪ್ರೊಡಕ್ಷನ್ ಎಂಬ ಮೂರು ಕಡೆ ಈ ಸೇವೆ ಓಡುತ್ತಿತ್ತು, ಪ್ರತಿಯೊಂದಕ್ಕೂ ಸುಮಾರು 400 ಸಾಲುಗಳ ಒಂದು ಯಾಮಲ್ ಕಡತ ಇತ್ತು. ಸೇವೆಯ ಸೆಟ್ಟಿಂಗ್‌ಗಳನ್ನು (ಕಾನ್ಫಿಗ್) ಕೀಲಿ ಮತ್ತು ಮೌಲ್ಯಗಳ ಜೋಡಿಗಳಾಗಿ ಬರೆದಿಡುವ ಪಠ್ಯರೂಪ ಯಾಮಲ್ (YAML). ಮೊದಲ ಕಡತವನ್ನು ಬರೆದವರು ಅದನ್ನೇ ನಕಲು ಮಾಡಿ ಉಳಿದೆರಡನ್ನು ಸಿದ್ಧಪಡಿಸಿದ್ದರು. ವರ್ಷಗಳು ಕಳೆದಂತೆ ಮೂರೂ ಕಡತಗಳು ಬೇರೆ ಬೇರೆ ದಾರಿ ಹಿಡಿದವು. ಡೇಟಾಬೇಸಿನ ಕಾಯುವ ಅವಧಿಯನ್ನು ಟೆಸ್ಟ್‌ನಲ್ಲಿ ಸರಿಪಡಿಸಿದವರು ಪ್ರೊಡಕ್ಷನ್‌ನಲ್ಲಿ ಸರಿಪಡಿಸಲು ಮರೆತಿದ್ದರು. ಪ್ರೊಡಕ್ಷನ್‌ಗೆ ಸೇರಿಸಿದ ಹೊಸ ಕೀಲಿಯೊಂದು ಉಳಿದೆರಡಕ್ಕೆ ಬಂದೇ ಇರಲಿಲ್ಲ. ಟೆಸ್ಟ್‌ನಲ್ಲಿ ಪಾಸಾದದ್ದು ಪ್ರೊಡಕ್ಷನ್‌ನಲ್ಲಿ ಹಾಗೆಯೇ ನಡೆಯುತ್ತದೆ ಎಂಬ ಭರವಸೆಯನ್ನು ಯಾರೂ ಕೊಡುವಂತಿರಲಿಲ್ಲ.

ಹಾಗಾಗಿ ಎಲ್ಲ ಕಡೆಗೂ ಸಮಾನವಾದದ್ದನ್ನು ಒಂದು ಮೂಲ ಕಡತದಲ್ಲಿಟ್ಟು, ಪ್ರತಿ ಕಡೆಗೆ ವಿಶಿಷ್ಟವಾದದ್ದನ್ನಷ್ಟೇ ಒಂದು ಚಿಕ್ಕ ಮೇಲ್ಪದರದ ಕಡತದಲ್ಲಿ ಬರೆದು, ಎರಡನ್ನೂ ಕಮಾಂಡ್ ಲೈನಿನಿಂದ ವಿಲೀನಗೊಳಿಸುವುದೆಂದು ತೀರ್ಮಾನವಾಯಿತು. ವಿಲೀನವನ್ನು ಪ್ರೋಗ್ರಾಮಿನೊಳಗೇ ಮಾಡಬಹುದಲ್ಲ ಎಂಬ ಪ್ರಶ್ನೆ ಆಗಲೇ ಎದ್ದಿತ್ತು. ಆದರೆ ಗೋ ಭಾಷೆಯ ಲೈಬ್ರರಿ ಒಂದು ಬಗೆಯಲ್ಲಿ, ಪೈಥಾನಿನದು ಇನ್ನೊಂದು ಬಗೆಯಲ್ಲಿ ವಿಲೀನ ಮಾಡಿದರೆ ಒಂದೇ ಜೋಡಿ ಕಡತಗಳಿಂದ ಎರಡು ಬೇರೆ ಅರ್ಥಗಳು ಹುಟ್ಟುವ ಅಪಾಯವಿತ್ತು. ಸೇವೆ ಶುರುವಾಗುವ ಮೊದಲೇ ಒಂದೇ ಸಲ ವಿಲೀನ ಮಾಡಿ, ಐದೂ ಭಾಗಗಳಿಗೆ ಒಂದೇ ಸಿದ್ಧ ಕಡತವನ್ನು ಕೊಡುವುದು ಮೇಲೆಂದು ಒಪ್ಪಿಕೊಂಡೆವು. ಮುಂದೆ ಬಂದ ತೊಂದರೆಗಳೆಲ್ಲ ಈ ದಾರಿಯಲ್ಲಿಯೇ ಎದುರಾದರೂ ಆ ನಿರ್ಧಾರ ಸರಿಯಾಗಿತ್ತೆಂದೇ ನನ್ನ ಇಂದಿನ ಅಭಿಪ್ರಾಯ.

ಆರಂಭದ ಎಡವಟ್ಟುಗಳು

ನಮ್ಮಲ್ಲೊಬ್ಬರಿಗೆ ಜೆಕ್ಯೂ (jq) ಚೆನ್ನಾಗಿ ಗೊತ್ತಿತ್ತು. ಯಾಮಲ್‌ನಂಥದೇ ಇನ್ನೊಂದು ಪಠ್ಯರೂಪವಾದ ಜೇಸನ್ (JSON) ಕಡತಗಳನ್ನು ಓದಿ ಬದಲಿಸುವ ಕಮಾಂಡ್ ಲೈನ್ ಉಪಕರಣ ಅದು. ಜೆಕ್ಯೂದಲ್ಲಿ ಎರಡು ಆಬ್ಜೆಕ್ಟ್‌ಗಳನ್ನು, ಅಂದರೆ ಕೀಲಿ-ಮೌಲ್ಯಗಳ ಎರಡು ಕಟ್ಟುಗಳನ್ನು, ‘+’ ಚಿಹ್ನೆಯಿಂದ ಕೂಡಿಸಿದರೆ ಮೇಲಿನ ಮಟ್ಟದ ಕೀಲಿಗಳು ಮಾತ್ರ ಕೂಡುತ್ತವೆ. ಬಲಗಡೆಯ ಕಡತದಲ್ಲಿ ಡೇಟಾಬೇಸ್ ಎಂಬ ಕೀಲಿಯ ಕೆಳಗೆ ಸರ್ವರಿನ ಹೆಸರೊಂದೇ ಇದ್ದರೆ, ಎಡಗಡೆಯಲ್ಲಿದ್ದ ಪೋರ್ಟ್ ಸಂಖ್ಯೆ, ಕಾಯುವ ಅವಧಿ, ಸಂಪರ್ಕಗಳ ಮಿತಿ ಎಲ್ಲವೂ ಅಳಿಸಿಹೋಗುತ್ತವೆ. ‘*’ ಚಿಹ್ನೆ ಮಾತ್ರ ಒಳಗಿನ ಮಟ್ಟಗಳಿಗೂ ಇಳಿದು ಕೀಲಿಯಿಂದ ಕೀಲಿಗೆ ವಿಲೀನ ಮಾಡುತ್ತದೆ. ಈ ವ್ಯತ್ಯಾಸ ಮೊದಲ ದಿನವೇ ಗಮನಕ್ಕೆ ಬಂದದ್ದರಿಂದ ಅಲ್ಲಿ ಪೆಟ್ಟಾಗಲಿಲ್ಲ.

ನಮ್ಮ ಕಡತಗಳು ಯಾಮಲ್‌ನಲ್ಲಿದ್ದುದರಿಂದ ಯಾಮಲ್‌ಗೆ ಜೆಕ್ಯೂದಂಥದೇ ಕೆಲಸ ಮಾಡುವ ವೈಕ್ಯೂವನ್ನು (yq) ಆರಿಸಿಕೊಂಡೆವು. ಆ ಹೆಸರಿನ ಎರಡು ಬೇರೆ ಬೇರೆ ಉಪಕರಣಗಳಿವೆ ಎಂಬುದು ನಮಗೆ ಗೊತ್ತಿರಲಿಲ್ಲ. ಗೋ ಭಾಷೆಯಲ್ಲಿ ಬರೆದ ವೈಕ್ಯೂ ಒಂದಾದರೆ, ಯಾಮಲ್ ಅನ್ನು ಜೇಸನ್‌ಗೆ ತಿರುಗಿಸಿ ಜೆಕ್ಯೂದ ಕೈಗೆ ಕೊಡುವ ಪೈಥಾನಿನ ವೈಕ್ಯೂ ಇನ್ನೊಂದು. ಮ್ಯಾಕ್ ಲ್ಯಾಪ್‌ಟಾಪಿನಲ್ಲಿ ಹೋಮ್‌ಬ್ರೂ ಎಂಬ ತಂತ್ರಾಂಶ ಸ್ಥಾಪಕ ತಂದುಕೊಟ್ಟದ್ದು ಮೊದಲನೆಯದು. ಡೆಬಿಯನ್ ಲಿನಕ್ಸ್ ಇದ್ದ ಟೆಸ್ಟ್ ಸರ್ವರಿನಲ್ಲಿ ಅದೇ ಹೆಸರಿನಲ್ಲಿ ಕೂತಿದ್ದುದು ಎರಡನೆಯದು. ವಿಲೀನದ ಆದೇಶ ಟೆಸ್ಟ್ ಸರ್ವರಿನಲ್ಲಿ ದೋಷ ತೋರಿಸಿ ನಿಂತುಬಿಟ್ಟದ್ದರಿಂದ ಅದು ಬೇಗ ಗೊತ್ತಾಯಿತು. ಗೊತ್ತಾಗದೆ ಉಳಿದದ್ದು ಇನ್ನೊಂದು ಚಿಕ್ಕ ಸ್ಕ್ರಿಪ್ಟ್. ಅದು ಲಾಗಿನ ಮಟ್ಟವನ್ನಷ್ಟೇ ಓದಿಕೊಳ್ಳುತ್ತಿತ್ತು. ಆ ಆದೇಶ ಎರಡೂ ಉಪಕರಣಗಳಲ್ಲಿ ಓಡುತ್ತಿತ್ತು, ಆದರೆ ಒಂದು ಮೌಲ್ಯವನ್ನು ಬರಿದಾಗಿ ಮುದ್ರಿಸಿದರೆ ಇನ್ನೊಂದು ಉದ್ಧರಣ ಚಿಹ್ನೆಗಳ ಸಮೇತ ಮುದ್ರಿಸುತ್ತಿತ್ತು. ಇದಲ್ಲದೆ, ಗೋ ವೈಕ್ಯೂವಿನ 3ನೇ ಆವೃತ್ತಿಯಲ್ಲಿದ್ದ ‘ಮರ್ಜ್’ ಎಂಬ ಉಪ ಆದೇಶ 2020ರ ಕೊನೆಯಲ್ಲಿ ಬಂದ 4ನೇ ಆವೃತ್ತಿಯಲ್ಲಿ ಇಲ್ಲ. ಅಲ್ಲಿ ಎಲ್ಲ ಕಡತಗಳನ್ನೂ ಒಟ್ಟಿಗೆ ಓದುವ ‘ಇವಾಲ್-ಆಲ್’ ಜೊತೆಗೆ ‘*’ ಚಿಹ್ನೆಯನ್ನು ಬಳಸಬೇಕು. ಹಳೆಯ ಟಿಪ್ಪಣಿಯೊಂದನ್ನು ನಂಬಿ ಅರ್ಧ ದಿನ ಕಳೆದ ಮೇಲೆ, ಗೋ ವೈಕ್ಯೂವಿನ ಒಂದೇ ಆವೃತ್ತಿಯನ್ನು ಗೊತ್ತುಮಾಡಿ, ಅದನ್ನು ಒಂದು ಕಂಟೇನರ್ ಇಮೇಜಿನಲ್ಲಿಟ್ಟು (ಯಾವ ಯಂತ್ರದಲ್ಲಿಯೂ ಒಂದೇ ರೀತಿ ಓಡುವ ಸಿದ್ಧ ಪೊಟ್ಟಣ), ಎಲ್ಲರೂ ಅದರಿಂದಲೇ ವಿಲೀನ ಮಾಡಬೇಕೆಂದು ನಿಯಮ ಮಾಡಿದೆವು.

ಇನ್ನೊಂದು ಎಡವಟ್ಟನ್ನು ಹೊಸಬರಿಗಾಗಿ ಹೇಳಿಯೇ ಮುಂದೆ ಹೋಗಬೇಕು. ಒಬ್ಬರು ಮೂಲ ಕಡತವನ್ನು ಓದಿ, ವಿಲೀನದ ಫಲಿತಾಂಶವನ್ನು ‘>’ ಚಿಹ್ನೆಯಿಂದ ಅದೇ ಮೂಲ ಕಡತಕ್ಕೆ ಬರೆಸಿದರು. ಆದೇಶವನ್ನು ಓಡಿಸುವುದಕ್ಕೂ ಮೊದಲೇ ಶೆಲ್ (ನಾವು ಬರೆದ ಆದೇಶಗಳನ್ನು ಓಡಿಸುವ ಪ್ರೋಗ್ರಾಮ್) ಆ ಕಡತವನ್ನು ತೆರೆದು ಖಾಲಿ ಮಾಡುತ್ತದೆ. ಹಾಗಾಗಿ ವೈಕ್ಯೂ ಓದಲು ಹೋದಾಗ ಅಲ್ಲಿ ಏನೂ ಉಳಿದಿರಲಿಲ್ಲ. ಕಡತಗಳ ಹಳೆಯ ಆವೃತ್ತಿಗಳನ್ನು ಕಾಪಾಡುವ ಗಿಟ್‌ನಲ್ಲಿ ಪ್ರತಿ ಇದ್ದುದರಿಂದ ನಷ್ಟವಾಗಲಿಲ್ಲ. ಫಲಿತಾಂಶವನ್ನು ತಾತ್ಕಾಲಿಕ ಕಡತಕ್ಕೆ ಬರೆದು, ಆದೇಶ ಯಶಸ್ವಿಯಾಗಿ ಮುಗಿದಿದ್ದರೆ ಮಾತ್ರ ಹೆಸರು ಬದಲಿಸುವ ರೂಢಿ ಅಂದಿನಿಂದ ಬಂತು.

ಪ್ರೊಡಕ್ಷನ್‌ನಲ್ಲಿ ನಡೆದದ್ದು

ಸೇವೆಗೆ ಹೊರಗಿನಿಂದ ಬರುವ ಕೆಲವು ಕರೆಗಳನ್ನು ಗೊತ್ತಾದ ಐಪಿ ವಿಳಾಸಗಳಿಂದ ಮಾತ್ರ ಸ್ವೀಕರಿಸಲಾಗುತ್ತಿತ್ತು. ಮೂಲ ಕಡತದ ಆ ಪಟ್ಟಿಯಲ್ಲಿ ನಾಲ್ಕು ವಿಳಾಸಗಳಿದ್ದವು: ಹಣ ಪಾವತಿಯ ದೃಢೀಕರಣ ಕಳುಹಿಸುವ ಗೇಟ್‌ವೇಯವು ಎರಡು, ವರದಿ ತಯಾರಿಸುವ ಸರ್ವರಿನದು ಒಂದು, ಸೇವೆ ನಡೆಯುತ್ತಿದೆಯೇ ಎಂದು ನಿಮಿಷಕ್ಕೊಮ್ಮೆ ನೋಡುವ ನಿಗಾ ವ್ಯವಸ್ಥೆಯದು ಒಂದು. ಹೊಸ ಸಾಗಣೆದಾರರೊಬ್ಬರು ಸೇರಿದಾಗ ಅವರ ವಿಳಾಸವನ್ನು ಪ್ರೊಡಕ್ಷನ್‌ಗೆ ಮಾತ್ರ ಸೇರಿಸಬೇಕಾಯಿತು. ನಮ್ಮ ಎಂಜಿನಿಯರ್ ಪ್ರೊಡಕ್ಷನ್ ಮೇಲ್ಪದರದಲ್ಲಿ ಅದೇ ಪಟ್ಟಿಯ ಹೆಸರು ಬರೆದು, ಕೆಳಗೆ ಹೊಸ ವಿಳಾಸವೊಂದನ್ನೇ ಇಟ್ಟರು. ಬದಲಾವಣೆಯನ್ನು ಪರಿಶೀಲಿಸಿದ ಇಬ್ಬರಲ್ಲಿ ನಾನೊಬ್ಬ. ಎರಡು ಸಾಲು ಸೇರಿವೆ, ವಿಳಾಸ ಸರಿಯಾಗಿದೆ ಎಂದು ನೋಡಿ ಒಪ್ಪಿಗೆ ಕೊಟ್ಟೆ.

‘*’ ಚಿಹ್ನೆ ಆಬ್ಜೆಕ್ಟ್‌ಗಳೊಳಗೆ ಇಳಿಯುತ್ತದೆ, ಪಟ್ಟಿಗಳೊಳಗೆ ಇಳಿಯುವುದಿಲ್ಲ. ಎರಡೂ ಕಡೆ ಪಟ್ಟಿ ಇದ್ದರೆ ಬಲಗಡೆಯದು ಎಡಗಡೆಯದನ್ನು ಪೂರ್ತಿಯಾಗಿ ತೆಗೆದುಹಾಕಿ ಆ ಜಾಗದಲ್ಲಿ ಕೂರುತ್ತದೆ. ಜೆಕ್ಯೂ ಹಾಗೂ ವೈಕ್ಯೂ ಎರಡರ ಸಹಜ ನಡವಳಿಕೆಯೂ ಇದೇ. ಸಂಜೆ ಹೊಸ ಕಡತ ಜಾರಿಗೆ ಬಂದಾಗ ಪ್ರೊಡಕ್ಷನ್‌ನ ಪಟ್ಟಿಯಲ್ಲಿ ಉಳಿದದ್ದು ಹೊಸ ಸಾಗಣೆದಾರರ ವಿಳಾಸ ಒಂದೇ.

ಟೆಸ್ಟ್‌ನಲ್ಲಿ ಇದು ಕಾಣಲಿಲ್ಲ, ಕಾಣುವಂತೆಯೂ ಇರಲಿಲ್ಲ. ಟೆಸ್ಟ್‌ನ ಮೇಲ್ಪದರದಲ್ಲಿ ಆ ಪಟ್ಟಿಯೇ ಇಲ್ಲದ್ದರಿಂದ ಅಲ್ಲಿ ಮೂಲದ ನಾಲ್ಕೂ ವಿಳಾಸಗಳು ಹಾಗೆಯೇ ಇದ್ದವು.

ಮೊದಲು ಕೂಗಿದ್ದು ನಿಗಾ ವ್ಯವಸ್ಥೆ. ಅದರ ವಿಳಾಸವೂ ಪಟ್ಟಿಯಿಂದ ಹೋಗಿದ್ದರಿಂದ ಅದಕ್ಕೆ 403 (ಅನುಮತಿಯಿಲ್ಲ) ಎಂಬ ಉತ್ತರ ಸಿಗುತ್ತಿತ್ತು, ಅದು ‘ಸೇವೆ ನಿಂತಿದೆ’ ಎಂದು ಎಚ್ಚರಿಸುತ್ತಿತ್ತು. ಆ ಹೊತ್ತಿನ ಕೆಲಸದಲ್ಲಿದ್ದವರು ಸೇವೆಯನ್ನು ಎರಡು ಸಲ ನಿಲ್ಲಿಸಿ ಮತ್ತೆ ಆರಂಭಿಸಿದರು. ಬ್ರೌಸರಿನಲ್ಲಿ ತೆರೆದರೆ ಸೇವೆ ಚೆನ್ನಾಗಿಯೇ ಓಡುತ್ತಿದ್ದುದರಿಂದ ನಿಗಾ ವ್ಯವಸ್ಥೆಯೇ ಕೆಟ್ಟಿದೆ ಎಂಬ ತೀರ್ಮಾನಕ್ಕೆ ಬಂದು ಎಚ್ಚರಿಕೆಯನ್ನು ಮೌನಗೊಳಿಸಿದರು. ಸುಮಾರು 40 ನಿಮಿಷಗಳ ನಂತರ, ಹಣ ಕಟ್ಟಿದರೂ ಕಾದಿರಿಸಿದ್ದು ದೃಢವಾಗಿಲ್ಲ ಎಂಬ ಗ್ರಾಹಕರ ಕರೆಗಳು ಬಂದಾಗಲೇ ಎರಡು ಲಕ್ಷಣಗಳಿಗೂ ಕಾರಣ ಒಂದೇ ಇರಬಹುದೆಂಬ ಅನುಮಾನ ಹುಟ್ಟಿತು. ಒಬ್ಬರು ಸರ್ವರಿನೊಳಗೆ ಹೋಗಿ ವಿಲೀನಗೊಂಡ ಕಡತವನ್ನೇ ತೆರೆದರು. ಆ ಕಡತವನ್ನು ಆವರೆಗೆ ನಮ್ಮಲ್ಲಿ ಯಾರೂ ಓದಿರಲಿಲ್ಲ. ನಾವು ಪರಿಶೀಲಿಸುತ್ತಿದ್ದುದು ವಿಲೀನಕ್ಕೆ ಹೋಗುವ ಕಡತಗಳನ್ನು. ಸೇವೆ ಓದುತ್ತಿದ್ದುದು ವಿಲೀನದಿಂದ ಹೊರಬಂದದ್ದನ್ನು. ಈ ಪ್ರಕರಣದಲ್ಲಿ ನನ್ನ ಮಟ್ಟಿಗೆ ಅತ್ಯಂತ ಮುಖ್ಯವಾದ ಕ್ಷಣ ಅದು.

ನಾಲ್ಕು ವಿಳಾಸಗಳನ್ನು ಪ್ರೊಡಕ್ಷನ್ ಮೇಲ್ಪದರಕ್ಕೆ ನಕಲು ಮಾಡಿ ಆ ರಾತ್ರಿಯನ್ನು ದಾಟಿದೆವು. ತಡೆಹಿಡಿದಿದ್ದ ದೃಢೀಕರಣಗಳನ್ನು ಗೇಟ್‌ವೇ ಮತ್ತೆ ಕಳುಹಿಸಿದ್ದರಿಂದ ಯಾರ ಹಣವೂ ಹೋಗಲಿಲ್ಲ.

ಎರಡನೆಯ ಪ್ರಯತ್ನ, ಎರಡನೆಯ ತಪ್ಪು

ಮರುದಿನದ ಸಭೆಯಲ್ಲಿ ಎಲ್ಲರಿಗೂ ಹೊಳೆದ ಪರಿಹಾರ ಒಂದೇ. ಗೋ ವೈಕ್ಯೂದಲ್ಲಿ ‘*+’ ಎಂದು ಬರೆದರೆ ಪಟ್ಟಿಗಳು ಒಂದರ ಜಾಗದಲ್ಲಿ ಇನ್ನೊಂದು ಕೂರುವ ಬದಲು ಒಂದರ ಕೊನೆಗೆ ಇನ್ನೊಂದು ಸೇರುತ್ತವೆ. ಒಂದು ಅಕ್ಷರದ ಬದಲಾವಣೆ. ನಾನೂ ಒಪ್ಪಿದೆ. ಈ ಸಲ ಟೆಸ್ಟ್‌ನಲ್ಲಿಯೇ ತಪ್ಪು ಬಯಲಾದದ್ದು ನಮ್ಮ ಅದೃಷ್ಟ.

ಲಾಗ್ ಎಲ್ಲೆಲ್ಲಿಗೆ ಹೋಗಬೇಕು ಎಂಬುದೂ ಒಂದು ಪಟ್ಟಿಯೇ. ಮೂಲದಲ್ಲಿ ಕಡತ ಹಾಗೂ ಪರದೆ ಎಂದಿತ್ತು. ಪರದೆ ಬೇಡವೆಂದು ಟೆಸ್ಟ್‌ನ ಮೇಲ್ಪದರದಲ್ಲಿ ಕಡತ ಎಂದಷ್ಟೇ ಬರೆದಿದ್ದೆವು. ಈಗ ಅದು ಕಡತ, ಪರದೆ, ಮತ್ತೆ ಕಡತ ಎಂದಾಯಿತು, ಪ್ರತಿ ಸಾಲೂ ಕಡತದಲ್ಲಿ ಎರಡೆರಡು ಸಲ ಮೂಡಿತು. ಆರಂಭದ ಆರ್ಗ್ಯುಮೆಂಟ್‌ಗಳ ಪಟ್ಟಿಯಲ್ಲಿ ವರ್ಕರ್‌ಗಳ ಸಂಖ್ಯೆ 4 ಎಂದೂ 16 ಎಂದೂ ಎರಡು ಸಲ ಬಂತು. ಇನ್ನೂ ಗಂಭೀರವಾದ ಸಂಗತಿಯೆಂದರೆ, ‘*’ ಬಳಸಿ ಅದೇ ಮೇಲ್ಪದರವನ್ನು ಎರಡು ಸಲ ಹೊದಿಸಿದರೂ ಫಲಿತಾಂಶ ಬದಲಾಗುವುದಿಲ್ಲ; ‘*+’ ಬಳಸಿದರೆ ಪ್ರತಿ ಸಲವೂ ಪಟ್ಟಿ ಬೆಳೆಯುತ್ತದೆ. ವಿಫಲವಾದ ಕೆಲಸವನ್ನು ತಾನೇ ಮತ್ತೊಮ್ಮೆ ಓಡಿಸುವ ವ್ಯವಸ್ಥೆಯಲ್ಲಿ ಇದು ಸಣ್ಣ ಅಪಾಯವಲ್ಲ.

ಪುನರಾವರ್ತನೆಯಾದದ್ದನ್ನು ‘ಯುನೀಕ್’ ಬಳಸಿ ತೆಗೆಯೋಣ ಎಂಬ ಸಲಹೆ ಬಂತು. ಜೆಕ್ಯೂದ ‘ಯುನೀಕ್’ ಪುನರಾವರ್ತನೆ ತೆಗೆಯುವುದರ ಜೊತೆಗೆ ಪಟ್ಟಿಯನ್ನು ವಿಂಗಡಿಸಿಬಿಡುತ್ತದೆ. ನಮ್ಮಲ್ಲಿ ಮಿಡಲ್‌ವೇರ್‌ಗಳ, ಅಂದರೆ ಬರುವ ಪ್ರತಿ ಕರೆಯೂ ಹಾದುಹೋಗುವ ಹಂತಗಳ, ಪಟ್ಟಿಯೊಂದಿತ್ತು. ಗುರುತು ಪರಿಶೀಲಿಸುವುದು ಮೊದಲು, ಅನುಮತಿ ನೋಡುವುದು ನಂತರ ಎಂಬ ಕ್ರಮವೇ ಅದರ ಅರ್ಥ. ವಿಂಗಡಿಸಿದರೆ ಅದು ಸುರಕ್ಷತೆಯ ದೋಷವಾಗುತ್ತಿತ್ತು. ‘*d’ ಎಂದು ಗುರುತಿಸುವ ಇನ್ನೊಂದು ಬಗೆಯೂ ವೈಕ್ಯೂದಲ್ಲಿದೆ. ಅದು ಪಟ್ಟಿಗಳನ್ನು ಸ್ಥಾನದಿಂದ ಸ್ಥಾನಕ್ಕೆ ವಿಲೀನ ಮಾಡುತ್ತದೆ, ಅಂದರೆ ಮೊದಲನೆಯದನ್ನು ಮೊದಲನೆಯದರ ಮೇಲೆ, ಎರಡನೆಯದನ್ನು ಎರಡನೆಯದರ ಮೇಲೆ ಹೊದಿಸುತ್ತದೆ. ನಮ್ಮ ಕೆಲಸದ ಸರದಿಗಳ (ಕ್ಯೂಗಳ) ಪಟ್ಟಿಯಲ್ಲಿ ಮೊದಲು ಇಮೇಲ್, ನಂತರ ಇನ್‌ವಾಯ್ಸ್ ಇದ್ದವು. ಮೇಲ್ಪದರದಲ್ಲಿ ಇನ್‌ವಾಯ್ಸ್ ಒಂದನ್ನೇ ಬರೆದರೆ ಅದು ಹೋಗಿ ಇಮೇಲ್ ಮೇಲೆ ಕೂರುತ್ತದೆ. ಇದನ್ನು ಕಾಗದದ ಮೇಲೆಯೇ ಬರೆದು ನೋಡಿ ಕೈಬಿಟ್ಟೆವು.

ತಿರುವು

ಅಲ್ಲಿಯವರೆಗೂ ಪಟ್ಟಿಗಳಿಗೆ ಯಾವ ನಿಯಮ ಸರಿ ಎಂದು ಹುಡುಕುತ್ತಿದ್ದೆವು. ಎಲ್ಲ ಪಟ್ಟಿಗಳಿಗೂ ಹೊಂದುವ ಒಂದು ನಿಯಮ ಇರಲೇಬೇಕೆಂದು ನಾವಾಗಿಯೇ ಅಂದುಕೊಂಡಿದ್ದೆವೇ ಹೊರತು ಅದಕ್ಕೆ ಆಧಾರವಿರಲಿಲ್ಲ. ತಂಡದ ಅತಿ ಕಿರಿಯ ಸದಸ್ಯೆ ಆ ಮಧ್ಯಾಹ್ನ ಕಡತದಲ್ಲಿದ್ದ 17 ಪಟ್ಟಿಗಳನ್ನೂ ಬಿಳಿ ಹಲಗೆಯ ಮೇಲೆ ಬರೆದು, ‘ಇದರಲ್ಲಿ ಒಂದನ್ನು ತೆಗೆದರೆ ಉಳಿದದ್ದಕ್ಕೆ ಅರ್ಥ ಉಳಿಯುತ್ತದೆಯೇ?’ ಎಂದು ಒಂದೊಂದಕ್ಕೂ ಕೇಳುತ್ತಾ ಹೋದರು. ಆ ಪ್ರಶ್ನೆಯಿಂದ ಪಟ್ಟಿಗಳು ತಾವಾಗಿಯೇ ಬೇರ್ಪಟ್ಟವು. ಅನುಮತಿಸಿದ ವಿಳಾಸಗಳಂಥವು ಬರಿಯ ಗುಂಪುಗಳು. ಅಲ್ಲಿ ಕ್ರಮಕ್ಕೆ ಬೆಲೆಯಿಲ್ಲ. ಕೆಲಸದ ಸರದಿಗಳು ಹೆಸರಿರುವ ದಾಖಲೆಗಳು. ಹೆಸರೇ ಅವುಗಳ ಗುರುತು. ಮಿಡಲ್‌ವೇರ್ ಮತ್ತು ಆರ್ಗ್ಯುಮೆಂಟ್‌ಗಳು ಮಾತ್ರ ನಿಜವಾದ ಅನುಕ್ರಮಗಳು. ಅವುಗಳ ಅರ್ಥ ಇಡೀ ಪಟ್ಟಿಯಲ್ಲಿದೆ.

ಈ ಪ್ರಶ್ನೆಯನ್ನು ಎದುರಿಸಿದ ಬೇರೆ ಉಪಕರಣಗಳನ್ನು ನೋಡಿದಾಗ ಅದೇ ತಿಳುವಳಿಕೆ ಅಲ್ಲಿಯೂ ಕಂಡಿತು. ಕಂಟೇನರ್‌ಗಳನ್ನು ನಡೆಸುವ ಕುಬರ್ನೆಟಿಸ್‌ನಲ್ಲಿ ‘ಸ್ಟ್ರಾಟೆಜಿಕ್ ಮರ್ಜ್ ಪ್ಯಾಚ್’ ಎಂಬ ವಿಲೀನದ ಬಗೆ ಕಂಟೇನರ್‌ಗಳ ಪಟ್ಟಿಯನ್ನು ಹೆಸರಿನ ಮೇಲೆ ಹೊಂದಿಸುತ್ತದೆ. ಹಾಗೆ ಹೊಂದಿಸಬೇಕೆಂಬುದು ಸ್ಕೀಮಾದಲ್ಲಿಯೇ (ದತ್ತಾಂಶದ ರಚನೆಯ ವಿವರಣೆಯಲ್ಲಿ) ಬರೆದಿರುತ್ತದೆ. ಹಲವು ಕಂಟೇನರ್‌ಗಳನ್ನು ಒಟ್ಟಿಗೆ ಓಡಿಸುವ ಡಾಕರ್ ಕಂಪೋಸ್ ಎರಡು ಕಡತಗಳನ್ನು ಸೇರಿಸುವಾಗ ಪೋರ್ಟ್‌ಗಳನ್ನು ಒಂದರ ನಂತರ ಒಂದಾಗಿ ಜೋಡಿಸುತ್ತದೆ, ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳನ್ನು ಹೆಸರಿನ ಮೇಲೆ ಸೇರಿಸುತ್ತದೆ, ಕಮಾಂಡ್ ಅನ್ನು ಮಾತ್ರ ಪೂರ್ತಿ ಬದಲಿಸುತ್ತದೆ. ಕುಬರ್ನೆಟಿಸ್‌ನಲ್ಲಿ ತಂತ್ರಾಂಶ ಸ್ಥಾಪಿಸುವ ಹೆಲ್ಮ್ ಪಟ್ಟಿಗಳನ್ನು ಯಾವಾಗಲೂ ಪೂರ್ತಿ ಬದಲಿಸುತ್ತದೆ. ಪ್ರತಿ ಕೀಲಿಯ ಅರ್ಥ ಗೊತ್ತಿರುವ ಉಪಕರಣಕ್ಕೆ ಪ್ರತಿ ಕೀಲಿಗೂ ಬೇರೆ ನಿಯಮ ಇಡಲು ಸಾಧ್ಯ. ವೈಕ್ಯೂಗೆ ನಮ್ಮ ಕೀಲಿಗಳ ಅರ್ಥ ಗೊತ್ತಿಲ್ಲ, ಗೊತ್ತಿರಲು ಸಾಧ್ಯವೂ ಇಲ್ಲ.

ಆದ್ದರಿಂದ ನಿಯಮವನ್ನು ಬದಲಿಸುವ ಬದಲು ದತ್ತಾಂಶದ ಆಕಾರವನ್ನೇ ಬದಲಿಸಿದೆವು. ಗುಂಪುಗಳನ್ನೂ ಹೆಸರಿರುವ ದಾಖಲೆಗಳನ್ನೂ ಪಟ್ಟಿಯಿಂದ ಕೀಲಿ-ಮೌಲ್ಯಗಳ ಜೋಡಿಗಳಿಗೆ ತಿರುಗಿಸಿದೆವು: ಪ್ರತಿ ವಿಳಾಸಕ್ಕೂ ಒಂದು ಹೆಸರು, ಹೆಸರಿನ ಮುಂದೆ ವಿಳಾಸ. ಅನುಕ್ರಮಗಳನ್ನು ಪಟ್ಟಿಗಳಾಗಿಯೇ ಉಳಿಸಿದೆವು. ಈಗ ಸರಳವಾದ ‘*’ ಒಂದೇ ಎಲ್ಲದಕ್ಕೂ ಸರಿಹೋಯಿತು, ಏಕೆಂದರೆ ಕೂಡಬೇಕಾದದ್ದೆಲ್ಲ ಆಬ್ಜೆಕ್ಟ್ ಆಗಿತ್ತು, ಪೂರ್ತಿ ಬದಲಾಗಬೇಕಾದದ್ದು ಮಾತ್ರ ಪಟ್ಟಿಯಾಗಿತ್ತು. ಐದು ಭಾಗಗಳ ಕೋಡಿನಲ್ಲಿ ಈ ಹೊಸ ಆಕಾರವನ್ನು ಓದಿಸಲು ಎರಡು ದಿನ ಹಿಡಿಯಿತು. ವಿಳಾಸಗಳಿಗೆ ಹೆಸರಿಟ್ಟದ್ದರಿಂದ, ಯಾವ ವಿಳಾಸ ಯಾರದು ಎಂದು ಕಾಮೆಂಟ್‌ಗಳಲ್ಲಿ ಹುಡುಕುವ ಕಷ್ಟವೂ ತಪ್ಪಿತು.

ಮೂಲದಲ್ಲಿರುವ ಒಂದನ್ನು ಮೇಲ್ಪದರದಿಂದ ತೆಗೆಯುವುದು ಹೇಗೆ ಎಂಬ ಪ್ರಶ್ನೆ ಉಳಿಯಿತು. 2014ರ ಆರ್‌ಎಫ್‌ಸಿ 7396 ಎಂಬ ಇಂಟರ್ನೆಟ್ ಮಾನದಂಡದ ದಾಖಲೆ ವಿವರಿಸುವ ಜೇಸನ್ ಮರ್ಜ್ ಪ್ಯಾಚ್‌ನಲ್ಲಿ ಮೌಲ್ಯದ ಜಾಗದಲ್ಲಿ ನಲ್ (‘ಮೌಲ್ಯವಿಲ್ಲ’ ಎಂಬ ಗುರುತು) ಬರೆದರೆ ಆ ಕೀಲಿಯನ್ನು ಅಳಿಸು ಎಂದರ್ಥ, ಹೆಲ್ಮ್‌ನಲ್ಲಿಯೂ ಹಾಗೆಯೇ. ಆದರೆ ಜೆಕ್ಯೂದ ‘*’ ನಲ್ ಅನ್ನು ಒಂದು ಸಾಮಾನ್ಯ ಮೌಲ್ಯವಾಗಿ ಕಂಡು ಹಾಗೆಯೇ ಉಳಿಸುತ್ತದೆ. ನಮ್ಮ ವೈಕ್ಯೂ ಕೂಡ ಕೀಲಿಯನ್ನು ಅಳಿಸುತ್ತಿರಲಿಲ್ಲ. ವಿಲೀನದ ನಂತರ ನಲ್‌ಗಳನ್ನೆಲ್ಲ ಅಳಿಸುವ ಹೆಜ್ಜೆಯೊಂದನ್ನು ಸೇರಿಸಲು ಹೊರಟಾಗ, ಪ್ರಾಕ್ಸಿ ಎಂಬ ಕೀಲಿಗೆ ನಲ್ ಇರುವುದೇ ‘ಪ್ರಾಕ್ಸಿ ಬೇಡ’ ಎಂಬ ಅರ್ಥ ಕೊಡುತ್ತಿದೆ ಎಂದು ತಿಳಿಯಿತು. ಹಾಗಾಗಿ ವಿಳಾಸಗಳು ಮತ್ತು ಸರದಿಗಳು ಎಂಬ ಎರಡು ಕೊಂಬೆಗಳ ಕೆಳಗೆ ಮಾತ್ರ ನಲ್ ಎಂದರೆ ಅಳಿಸು ಎಂದು ಗೊತ್ತುಮಾಡಿ, ಉಳಿದೆಡೆ ಅದನ್ನು ಮುಟ್ಟಲಿಲ್ಲ.

ಹೊರಬಂದದ್ದನ್ನು ಓದುವುದು

ಇನ್ನೊಂದು ಬದಲಾವಣೆ ಇದಕ್ಕಿಂತ ಸರಳ, ಆದರೆ ನನ್ನ ಪ್ರಕಾರ ಹೆಚ್ಚು ಬೆಲೆಯದ್ದು. ವಿಲೀನಗೊಂಡ ಮೂರು ಕಡತಗಳನ್ನೂ ಗಿಟ್‌ನಲ್ಲಿಯೇ ಇಡತೊಡಗಿದೆವು. ಪಾಸ್‌ವರ್ಡ್‌ಗಳು ಅವುಗಳಲ್ಲಿ ಇರಲಿಲ್ಲ. ಅವು ಎಲ್ಲಿ ಸಿಗುತ್ತವೆ ಎಂಬ ಸೂಚನೆ ಮಾತ್ರ ಇತ್ತು. ಬದಲಾವಣೆಗಳನ್ನು ತಾನಾಗಿಯೇ ಪರೀಕ್ಷಿಸುವ ಸಿಐ (CI) ವ್ಯವಸ್ಥೆ ಪ್ರತಿ ಬದಲಾವಣೆಯ ಜೊತೆಗೂ ವಿಲೀನವನ್ನು ಮತ್ತೊಮ್ಮೆ ಮಾಡಿ, ಗಿಟ್‌ನಲ್ಲಿರುವ ಪ್ರತಿಯೊಂದಿಗೆ ಹೋಲಿಸಿ, ವ್ಯತ್ಯಾಸವಿದ್ದರೆ ತಡೆಯುತ್ತದೆ. ಹೋಲಿಕೆ ಸ್ಥಿರವಾಗಿರಲೆಂದು ಕೀಲಿಗಳನ್ನು ಅಕಾರಾದಿಯಾಗಿ ಜೋಡಿಸಿ ಬರೆಯಲಾಗುತ್ತದೆ. ಪರಿಶೀಲಿಸುವವರ ಮುಂದೆ ಈಗ ಮೇಲ್ಪದರದ ಎರಡು ಸಾಲುಗಳ ಜೊತೆಗೆ ಅವು ಅಂತಿಮ ಕಡತದಲ್ಲಿ ಏನು ಮಾಡುತ್ತವೆ ಎಂಬುದೂ ಇರುತ್ತದೆ. ಅಂದು ಹೀಗಿದ್ದಿದ್ದರೆ ನಾಲ್ಕು ವಿಳಾಸಗಳು, ಅಳಿಸಿಹೋದದ್ದನ್ನು ತೋರಿಸುವ ಕೆಂಪು ಸಾಲುಗಳಾಗಿ ನನ್ನ ಕಣ್ಣೆದುರಿಗೇ ಬರುತ್ತಿದ್ದವು.

ಅಂತಿಮ ಕಡತವನ್ನು ಯಾಮಲ್ ಬದಲು ಜೇಸನ್ ರೂಪದಲ್ಲಿ ಬರೆಯುವ ನಿರ್ಧಾರಕ್ಕೆ ಬೇರೆಯೇ ಕಾರಣವಿತ್ತು. ರಾತ್ರಿಯ ಲೆಕ್ಕಾಚಾರದ ಹೊತ್ತನ್ನು ಯಾರೋ 22:30 ಎಂದು ಉದ್ಧರಣ ಚಿಹ್ನೆಗಳಿಲ್ಲದೆ ಬರೆದಿದ್ದರು. ಗೋ ಭಾಗಗಳು ಅದನ್ನು ಪಠ್ಯವಾಗಿ ಓದಿದವು. ಪೈಥಾನಿನ ಪೈಯಾಮಲ್ ಲೈಬ್ರರಿ ಯಾಮಲ್ 1.1ರ ನಿಯಮದಂತೆ ಅದನ್ನು ಅರವತ್ತರ ಎಣಿಕೆಯ ಸಂಖ್ಯೆಯೆಂದು ತಿಳಿದು 1350 ಎಂದು ಓದಿ, ಟೆಸ್ಟ್‌ನಲ್ಲಿ ಆ ಭಾಗ ಆರಂಭವಾಗಲೇ ಇಲ್ಲ. ಜೇಸನ್‌ನಲ್ಲಿ ಪಠ್ಯಕ್ಕೆ ಉದ್ಧರಣ ಚಿಹ್ನೆ ಕಡ್ಡಾಯವಾದ್ದರಿಂದ ಎರಡು ಓದುಗರ ನಡುವೆ ಈ ಭಿನ್ನಾಭಿಪ್ರಾಯಕ್ಕೆ ಜಾಗವಿಲ್ಲ. ಮನುಷ್ಯರು ಬರೆಯುವುದು ಯಾಮಲ್‌ನಲ್ಲಿ, ಯಂತ್ರಗಳು ಓದುವುದು ಜೇಸನ್‌ನಲ್ಲಿ ಎಂದು ವಿಂಗಡಿಸಿದ ಮೇಲೆ ಆ ಬಗೆಯ ತೊಂದರೆ ಮತ್ತೆ ಬರಲಿಲ್ಲ.

ನಂತರದ ತಿಂಗಳುಗಳಲ್ಲಿ ಹೊಸ ಸಾಗಣೆದಾರರು ಸೇರಿದಾಗಲೆಲ್ಲ ಅಂತಿಮ ಕಡತದಲ್ಲಿ ಒಂದೇ ಸಾಲು ಹೆಚ್ಚಾಯಿತು, ಏನೂ ಕಡಿಮೆಯಾಗಲಿಲ್ಲ. ಆದರೆ ಪಟ್ಟಿಯಾಗಿಯೇ ಉಳಿಸಿದ ಅನುಕ್ರಮಗಳಿಂದ ಒಂದು ತೊಡಕು ಉಳಿಯಿತು. ಪ್ರೊಡಕ್ಷನ್ ಮೇಲ್ಪದರದಲ್ಲಿ ಮಿಡಲ್‌ವೇರ್‌ಗಳ ಪೂರ್ತಿ ಪಟ್ಟಿ ಇತ್ತು. ಒಮ್ಮೆ ಮೂಲ ಕಡತಕ್ಕೆ ಕರೆಗಳ ಸಂಖ್ಯೆಯನ್ನು ಮಿತಿಗೊಳಿಸುವ ಹೊಸ ಮಿಡಲ್‌ವೇರ್ ಸೇರಿಸಿದಾಗ ಡೆವಲಪ್‌ಮೆಂಟ್ ಮತ್ತು ಟೆಸ್ಟ್‌ನ ಅಂತಿಮ ಕಡತಗಳು ಬದಲಾದವು, ಪ್ರೊಡಕ್ಷನ್‌ನದು ಬದಲಾಗಲಿಲ್ಲ. ಬದಲಾಗದೆ ಇದ್ದದ್ದನ್ನು ಗಮನಿಸುವುದು ಬದಲಾದದ್ದನ್ನು ಗಮನಿಸುವುದಕ್ಕಿಂತ ಕಷ್ಟ. ಆ ದಿನ ಪರಿಶೀಲಿಸುತ್ತಿದ್ದವರು ಮೂರರಲ್ಲಿ ಎರಡೇ ಕಡತಗಳು ಬಂದಿವೆಯಲ್ಲ ಎಂದು ಕೇಳಿದ್ದರಿಂದ ಅದು ಸಿಕ್ಕಿತು. ಮುಂದಿನ ಸಲವೂ ಯಾರೋ ಕೇಳುತ್ತಾರೆಂದು ನಂಬಿ ಕೂರುವಂತಿರಲಿಲ್ಲ. ಮೂಲದ ಯಾವುದೇ ಪಟ್ಟಿ ಬದಲಾಗಿ, ಅದೇ ಪಟ್ಟಿ ಯಾವುದಾದರೂ ಮೇಲ್ಪದರದಲ್ಲಿಯೂ ಇದ್ದರೆ, ಸಿಐ ಈಗ ಅಲ್ಲಿಯೇ ನಿಂತು ಆ ಮೇಲ್ಪದರದ ಹೆಸರನ್ನು ತೋರಿಸುತ್ತದೆ. ಅಲ್ಲಿಯ ಪಟ್ಟಿ ಹಾಗೆಯೇ ಇರಬೇಕೇ ಎಂದು ಒಬ್ಬರು ಓದಿ ಒಪ್ಪಿಗೆ ಬರೆದ ಮೇಲೆ ಮಾತ್ರ ಬದಲಾವಣೆ ಮುಂದೆ ಹೋಗುತ್ತದೆ.